ಎರಡು ವರ್ಷವೋ, ಎಪ್ಪತ್ತು ವರ್ಷವೋ?

ನಮ್ಮ ಗಡಿ ಕಡೆಯ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ 31ರ ರಾತ್ರಿ ಯಾರೂ ಬೇಗ ಮಲಗುವುದಿಲ್ಲ. ಚರ್ಚಿನಲ್ಲಿ ತಡರಾತ್ರಿಯ ಆರಾಧನೆ ಇರುತ್ತದೆ. ಹನ್ನೆರಡು ಹೊಡೆದ ಮೇಲೆ ಒಬ್ಬರಿಗೊಬ್ಬರು ಕೈಕುಲುಕಿ ಶುಭಾಶಯ ಹೇಳುತ್ತಾರೆ. ಆಮೇಲೆ ಎಲ್ಲರೂ ಸಾಲಾಗಿ ಹೋಗಿ ಒಂದು ತಟ್ಟೆಯಿಂದ ಒಂದೊಂದು ಕಾರ್ಡು ಎತ್ತಿಕೊಳ್ಳುತ್ತಾರೆ. ಅಂಗೈಯಷ್ಟು ಕಾರ್ಡು. ಮೇಲೆ ಹೂವಿನದೋ ಜಲಪಾತದ್ದೋ ಚಿತ್ರ, ಕೆಳಗೆ ಬೈಬಲಿನ ಒಂದು ವಾಕ್ಯ. ತಮಿಳಿನವರು ಇದಕ್ಕೆ 'ವಾಕ್ಕುತ್ತತ್ತಂ' ಅನ್ನುತ್ತಾರೆ. ನಾವು 'ವಾಗ್ದಾನ' ಅನ್ನುತ್ತೇವೆ. ಆ ವರ್ಷಕ್ಕೆ ದೇವರು ನನಗೆ ಕೊಟ್ಟ ಮಾತು ಅಂತ ಅದನ್ನು ಬೈಬಲಿನೊಳಗೆ ಇಟ್ಟುಕೊಳ್ಳುತ್ತೇವೆ. ಕೆಲವರು ಪರ್ಸಿನಲ್ಲಿ, ಕೆಲವರು ಅಡುಗೆಮನೆಯ ಗೋಡೆಗೆ ಅಂಟಿಸಿ.

ಈ ಕಾರ್ಡುಗಳಲ್ಲಿ ಹೆಚ್ಚಾಗಿ ಬರುವ ವಾಕ್ಯ ಯೆರೆಮೀಯ 29:11. ನಿಮ್ಮ ಬಗ್ಗೆ ನನ್ನ ಯೋಚನೆಗಳು ಒಳ್ಳೆಯವೇ, ಕೆಟ್ಟವಲ್ಲ, ನಿಮಗೆ ಮುಂದೊಂದು ದಿನ ಇದೆ, ನಂಬಿರಿ, ಅನ್ನುವ ಅರ್ಥದ ವಾಕ್ಯ ಅದು. ಓದಿದ ಕೂಡಲೇ ಮನಸ್ಸಿಗೆ ಹಿತವಾಗುತ್ತದೆ.

ಆದರೆ ಪ್ರಿಯ ಓದುಗರೇ, ನನ್ನ ಪ್ರಶ್ನೆ ಬೇರೆ. ಜನವರಿಯಲ್ಲಿ ಈ ಕಾರ್ಡು ಎತ್ತಿಕೊಂಡವರಿಗೆ ನವೆಂಬರಿನಲ್ಲಿ ಮನೆಯಲ್ಲಿ ಸಾವಾದರೆ? ಆಗ ಆ ಕಾರ್ಡನ್ನು ಏನು ಮಾಡುವುದು? ಹರಿದುಹಾಕುವುದೋ, ಅಥವಾ ನಾವೇ ಸರಿಯಾಗಿ ನಂಬಲಿಲ್ಲ ಅಂತ ತಲೆ ತಗ್ಗಿಸುವುದೋ? ಇದು ಕ್ರೈಸ್ತರ ಪ್ರಶ್ನೆ ಮಾತ್ರ ಅಲ್ಲ. ಹರಕೆ ಹೊತ್ತು ಬರಿಗೈಯಲ್ಲಿ ವಾಪಸು ಬಂದವರು ಎಲ್ಲ ಧರ್ಮದಲ್ಲೂ ಇದ್ದಾರೆ. ನನಗೆ ಈ ಪ್ರಶ್ನೆ ಬಂದದ್ದು ಏರ್ಕಾಡಿನಿಂದ.

ಏರ್ಕಾಡಿನಲ್ಲಿ ನನ್ನ ಅಕ್ಕನ ಮನೆ ಇದೆ. ಸೇಲಂನಿಂದ ಸುಮಾರು 30 ಕಿಲೋಮೀಟರ್, 20 ಹೇರ್‌ಪಿನ್ ತಿರುವು. ಪ್ರವಾಸಿಗರಿಗೆ ಅದು ಕೆರೆ, ದೋಣಿ, ಲೇಡೀಸ್ ಸೀಟ್. ಅಲ್ಲಿ ಬದುಕುವವರಿಗೆ ಕಾಫಿ ತೋಟ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್ ಈ ಬೆಟ್ಟಕ್ಕೆ ಕಾಫಿ ತಂದರು ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಭಾವ ಅಲ್ಲಿ ಒಂದು ತೋಟದಲ್ಲಿ ರೈಟರ್ ಆಗಿದ್ದರು. ಮೂಲ ಹಾಸನದ ಕಡೆಯವರು, ಕಥೋಲಿಕರು. ಹೇಮಾವತಿ ಅಣೆಕಟ್ಟಿನ ಹಿನ್ನೀರು ಬಂದಾಗ ಅವರ ತಂದೆಯ ಹೊಲ ಮುಳುಗಿತು. ಮೊದಲು ಸಕಲೇಶಪುರದ ತೋಟ, ಆಮೇಲೆ ಏರ್ಕಾಡು. ನಾವು ಸಿ.ಎಸ್.ಐ. ಸಭೆಯವರು. ಅಕ್ಕ ನಮ್ಮ ಕಡೆಯ ವಾಗ್ದಾನದ ಕಾರ್ಡನ್ನೂ, ಭಾವನ ಕಡೆಯ ಜಪಸರವನ್ನೂ ಒಂದೇ ಗೂಡಿನಲ್ಲಿ ಇಟ್ಟು ಸಂಸಾರ ಮಾಡಿದವಳು.

2017ರ ಹೊಸ ವರ್ಷಕ್ಕೆ ಅಕ್ಕನಿಗೆ ಬಂದ ಕಾರ್ಡು ಯೆರೆಮೀಯ 29:11. ಮಾರ್ಚಿನಲ್ಲಿ ಭಾವನಿಗೆ ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾಯಿತು. ಮಾರ್ಚ್-ಏಪ್ರಿಲ್ ಅಂದರೆ ಕಾಫಿಯವರಿಗೆ ಹೂಮಳೆಯ ಕಾಲ. ಮಳೆ ಬಿದ್ದು ಒಂದು ವಾರ ಹತ್ತು ದಿನದಲ್ಲಿ ಗಿಡ ಬಿಳಿಯಾಗುತ್ತದೆ. ಆ ಮಳೆ ತಪ್ಪಿದರೆ ವರ್ಷದ ಫಸಲು ಹೋದಂತೆ. ಭಾವ ಆಸ್ಪತ್ರೆಯಿಂದ ಫೋನು ಮಾಡಿ ಮೊದಲು ಕೇಳಿದ್ದು "ಮಳೆ ಬಂತಾ?" ಅಂತ.

ಆ ವರ್ಷ ಅಕ್ಕ ಆ ಇಪ್ಪತ್ತು ತಿರುವನ್ನು ಎಷ್ಟು ಸಲ ಇಳಿದು ಹತ್ತಿದಳೋ ಲೆಕ್ಕ ಇಲ್ಲ. ಬಸ್ಸಿನಲ್ಲಿ ಭಾವನಿಗೆ ವಾಂತಿ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕಿಟಕಿ ಪಕ್ಕದ ಸೀಟಿಗೆ ಕಂಡಕ್ಟರನ್ನು ಬೇಡುವುದು. ಇದ್ದ ಚಿನ್ನ ಅಡವಿಗೆ ಹೋಯಿತು.

ಆಗ ಯಾರೋ ಹೇಳಿ ಕಳಿಸಿದರು ಅಂತ ಒಬ್ಬರು ಬೋಧಕರು ಮನೆಗೆ ಬಂದರು. ನಾನೂ ಅಲ್ಲಿದ್ದೆ. ಪ್ರಾರ್ಥನೆ ಮಾಡಿದರು. ಮುಗಿಸಿ ಏಳುವಾಗ, "ವಾಗ್ದಾನ ಇದೆಯಲ್ಲಮ್ಮಾ, ಇನ್ನೂ ಯಾಕೆ ಔಷಧಿ ಹಿಂದೆ ಓಡುತ್ತೀರಿ? ಪೂರ್ತಿ ನಂಬಿದರೆ ವಾಸಿಯಾಗುತ್ತದೆ. ನಿಮ್ಮ ವಿಶ್ವಾಸ ಸಾಲದು" ಅಂದರು. ಅಕ್ಕ ಮರುಮಾತಾಡದೆ ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಲೋಟ ತೊಳೆಯುತ್ತಾ ನನಗೆ ಹೇಳಿದಳು: "ನಮ್ಮ ವಿಶ್ವಾಸ ಎಷ್ಟೈತೆ ಅಂತ ಅಳೆಯೋಕೆ ಪಡಿ ಹಿಡ್ಕೊಂಡು ಬಂದಿದ್ರು ತಮ್ಮಾ. ನನ್ನ ಹತ್ರ ಇರೋದು ನಾಳೆ ಬಸ್ ಚಾರ್ಜು."

ಔಷಧಿ ನಿಲ್ಲಿಸಲಿಲ್ಲ. ನವೆಂಬರಿನಲ್ಲಿ ಭಾವ ತೀರಿಕೊಂಡರು. ಹಣ್ಣು ಕೊಯ್ಲು ಶುರುವಾಗಿತ್ತು.

ನಾನು ಶಾಲೆಯಲ್ಲಿ ಕನ್ನಡ ಹೇಳಿಕೊಡುವವನು. ಒಂದು ವಾಕ್ಯ ಅರ್ಥವಾಗದಿದ್ದರೆ ಅದರ ಹಿಂದಿನ ವಾಕ್ಯ, ಮುಂದಿನ ವಾಕ್ಯ ಓದಿ ಅಂತ ಮಕ್ಕಳಿಗೆ ಹೇಳುತ್ತೇನೆ. ಭಾವನ ಮಣ್ಣು ಮುಗಿಸಿ ಬಂದ ಮೇಲೆ ನಾನೂ ಹಾಗೇ ಮಾಡಿದೆ. 11ನೇ ವಾಕ್ಯದ ಹಿಂದಿನ ವಾಕ್ಯದಲ್ಲಿ ಒಂದು ಅಂಕಿ ಇದೆ. ಎಪ್ಪತ್ತು ವರ್ಷ! ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸು ಕರೆತರುತ್ತೇನೆ ಅಂತ. ಈ ಅಂಕಿ ಕಾರ್ಡಿನಲ್ಲಿ ಇರುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕ್ರಿ.ಪೂ. 597ರಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು, ರಾಜನನ್ನೂ ಕುಶಲಕರ್ಮಿಗಳನ್ನೂ ಸೆರೆ ಒಯ್ದ. ಊರಲ್ಲಿ ಉಳಿದವರಿಗೂ ಸೆರೆಹೋದವರಿಗೂ ಒಂದೇ ಚಿಂತೆ: ವಾಪಸು ಬರುವುದು ಯಾವಾಗ? ಆಗ ಹನನ್ಯ ಅನ್ನುವ ಪ್ರವಾದಿ ದೇವಾಲಯದಲ್ಲಿ ನಿಂತು, ಇನ್ನು ಎರಡೇ ವರ್ಷ, ಎಲ್ಲರೂ ಬಂದುಬಿಡುತ್ತಾರೆ ಅಂತ ಸಾರಿದ. ಜನಕ್ಕೆ ಎಷ್ಟು ಸಂತೋಷವಾಗಿರಬೇಕು ಯೋಚಿಸಿ. ಯೆರೆಮೀಯ ಮಾತ್ರ ಅದು ಸುಳ್ಳು ಅಂದ. ಸೆರೆಯಲ್ಲಿದ್ದವರಿಗೆ ಅವನು ಒಂದು ಕಾಗದ ಬರೆದ. ಆ ಕಾಗದವೇ 29ನೇ ಅಧ್ಯಾಯ. ನಮ್ಮ ಕಾರ್ಡಿನ ವಾಕ್ಯ ಆ ಕಾಗದದ ಒಂದು ಸಾಲು.

ಕಾಗದದಲ್ಲಿ ಏನಿದೆ? ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಅದರ ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಸೆರೆ ಒಯ್ದ ಆ ಊರಿನ ಒಳ್ಳೆಯದಕ್ಕೇ ಪ್ರಾರ್ಥನೆ ಮಾಡಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ಇಷ್ಟು ಹೇಳಿ, ಎಪ್ಪತ್ತು ವರ್ಷ ಅಂತ ಹೇಳಿ, ಅದಾದ ಮೇಲೆ ಆ ವಾಗ್ದಾನ. ಮುಂದೆ ಕ್ರಿ.ಪೂ. 539ರಲ್ಲಿ ಪಾರಸಿಯ ರಾಜ ಕೋರೆಷ ಬಾಬೆಲನ್ನು ಗೆದ್ದ ಮೇಲೆ ಯೆಹೂದ್ಯರಿಗೆ ಊರಿಗೆ ಹೋಗುವ ಅನುಮತಿ ಸಿಕ್ಕಿತು. ಕಾಗದ ಓದಿದಾಗ ಮೂವತ್ತು ವಯಸ್ಸಿದ್ದವನಿಗೆ ಅಷ್ಟರಲ್ಲಿ ಎಂಬತ್ತು ದಾಟಿರುತ್ತಿತ್ತು. ಅಂದರೆ ಆ ವಾಗ್ದಾನವನ್ನು ಕೇಳಿದವರಲ್ಲಿ ಹೆಚ್ಚಿನವರು ಬಾಬೆಲಿನ ಮಣ್ಣಿಗೇ ಹೋದರು. ವಾಗ್ದಾನ ಸುಳ್ಳಾಯಿತೇ? ಇಲ್ಲ. ಅವರು ನೆಟ್ಟ ತೋಟ, ಮಾಡಿದ ಮದುವೆ, ಅವರಿಗೆ ಹುಟ್ಟಿದ ಮಕ್ಕಳು, ಆ ಮಕ್ಕಳು ತಾನೇ ವಾಪಸು ಹೋದದ್ದು?

ಇನ್ನೊಂದು ವ್ಯಾಕರಣದ ಮಾತು. ಆ ವಾಕ್ಯದಲ್ಲಿ 'ನಿಮ್ಮ' ಅಂತ ಇದೆ. ಕನ್ನಡದಲ್ಲಿ ಅದು ಮರ್ಯಾದೆಗೂ ಬರುತ್ತದೆ, ಬಹುವಚನಕ್ಕೂ ಬರುತ್ತದೆ. ಹೀಬ್ರೂ ಮೂಲದಲ್ಲಿ ಅದು ಬಹುವಚನ. ದೇವರು ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಹಂಚಿದ್ದಲ್ಲ, ಒಂದು ಜನಕ್ಕೆ ಒಟ್ಟಿಗೆ ಕೊಟ್ಟ ಮಾತು ಅದು. ಇದು ತಿಳಿದ ಮೇಲೆ ನನಗೆ ಅಕ್ಕನ ಮನೆಯಲ್ಲಿ ನಡೆದದ್ದು ಬೇರೆ ರೀತಿಯಲ್ಲಿ ಕಾಣಿಸಿತು.

ಭಾವ ಹೋದ ಮೇಲೆ ಅಕ್ಕ ಎಷ್ಟೋ ತಿಂಗಳು ಬೈಬಲ್ ತೆರೆಯಲಿಲ್ಲ. ಹಾಡು ಬಾಯಿಗೆ ಬರಲಿಲ್ಲ. ತೋಟದ ಕ್ವಾರ್ಟರ್ಸ್ ಬಿಟ್ಟು ಒಂದು ಬಾಡಿಗೆ ಕೋಣೆಗೆ ಹೋದಳು, ಮಕ್ಕಳಿಬ್ಬರು ಓದುತ್ತಿದ್ದರು. ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಆದರೆ ದಿನಾ ಸಂಜೆ ಲೈನಿನ ಹೆಂಗಸರು ಇಬ್ಬರು ಮೂವರು ಬಂದು, ತಮಿಳಿನಲ್ಲಿ ಒಂದು ಕೀರ್ತನೆ ಓದಿ, ಎರಡು ಮಾತು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಪಕ್ಕದ ಮನೆಯ ಹಿಂದೂ ಅಜ್ಜಿ ಸಾರು ತಂದಿಡುತ್ತಿದ್ದರು. ಹಾಸನದಿಂದ ಭಾವನ ತಾಯಿ ಬಂದು ಮೂರು ತಿಂಗಳು ಇದ್ದರು. ಮಗನನ್ನು ಕಳೆದುಕೊಂಡ ಆ ಮುದುಕಿ ರಾತ್ರಿ ಲೈಟು ಆರಿಸಿದ ಮೇಲೆ ಕನ್ನಡದಲ್ಲಿ ಜಪಸರ ಹೇಳುತ್ತಿದ್ದರು. ಅಕ್ಕ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು, ಅಷ್ಟೇ.

"ನೀನು ಹೇಗೆ ವಿಶ್ವಾಸ ಬಿಡದೆ ಹಿಡ್ಕೊಂಡೆ ಅಕ್ಕಾ?" ಅಂತ ನಾನು ಒಂದು ಸಲ ಕೇಳಿದ್ದೆ. "ನಾನೆಲ್ಲಿ ಹಿಡ್ಕೊಂಡೆ? ಅತ್ತೆ ಹಿಡ್ಕೊಂಡಿದ್ರು. ಆ ಹೆಂಗಸ್ರು ಹಿಡ್ಕೊಂಡಿದ್ರು. ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ" ಅಂದಳು.

ನಮ್ಮ ಕನ್ನಡದ ಮಕ್ಕಳಿಗೆ ಮಾತು ಕೊಡುವುದು ಅಂದರೆ ಏನು ಅಂತ ಕಲಿಸುವುದು ಪುಣ್ಯಕೋಟಿ. ತರಗತಿಯಲ್ಲಿ ಆ ಪಾಠ ಮಾಡುವಾಗ ನಾನು ಕೇಳುವ ಪ್ರಶ್ನೆ ಒಂದಿದೆ: ಮಾತಿನ ಭಾರ ಯಾರ ಮೇಲೆ? ಮಕ್ಕಳು ಕೂಡಲೇ ಹೇಳುತ್ತಾರೆ, ಹಸುವಿನ ಮೇಲೆ ಸಾರ್. ಹೌದು, ಕೊಟ್ಟವರ ಮೇಲೆ. ಹುಲಿ ಎಷ್ಟು ನಂಬಿತು ಅಂತ ಯಾರೂ ಅಳೆಯುವುದಿಲ್ಲ. 'ವಾಗ್ದಾನ' ಅಂದರೆ ಮಾತಿನ ದಾನ. ದಾನ ತೆಗೆದುಕೊಂಡವರನ್ನೇ ಹಿಡಿದು ನಿನ್ನ ವಿಶ್ವಾಸ ಸಾಲದು ಅನ್ನುವುದು ಯಾವ ನ್ಯಾಯ?

ಏರ್ಕಾಡಿಗೆ ಹೋದಾಗಲೆಲ್ಲ ನನಗೆ ಒಬ್ಬರು ಮಿಷನರಿ ನೆನಪಾಗುತ್ತಾರೆ. ಪೀಟರ್ ಪರ್ಸಿವಲ್. 1882ರಲ್ಲಿ ಇದೇ ಊರಿನಲ್ಲಿ ತೀರಿಕೊಂಡವರು. ಬಳ್ಳಾರಿ ಸೀಮೆಯಲ್ಲಿ ಹಳೇ ಶಿಲಾಯುಗದ, ನವಶಿಲಾಯುಗದ ನೆಲೆಗಳನ್ನು ಹುಡುಕಿದ ರಾಬರ್ಟ್ ಬ್ರೂಸ್ ಫೂಟ್ ಇವರ ಅಳಿಯ. ಪರ್ಸಿವಲ್ ಜಾಫ್ನಾದಲ್ಲಿದ್ದಾಗ ಆರುಮುಗ ನಾವಲರ್ ಎಂಬ ದೊಡ್ಡ ತಮಿಳು ವಿದ್ವಾಂಸರ ಸಹಾಯದಿಂದ ಬೈಬಲನ್ನು ತಮಿಳಿಗೆ ಅನುವಾದ ಮಾಡಿದರು. ಎಷ್ಟೋ ವರ್ಷದ ದುಡಿಮೆ. 1850ರಲ್ಲಿ ಅಚ್ಚಾದಾಗ ಮದ್ರಾಸಿನ ಕಡೆಯವರು ಅದನ್ನು ಒಪ್ಪಲಿಲ್ಲ. ಸಹಾಯ ಮಾಡಿದ ನಾವಲರು ಶೈವ ಧರ್ಮದ ದೊಡ್ಡ ಪ್ರತಿಪಾದಕರಾದರು. ಆಮೇಲೆ ಹೆನ್ರಿ ಬವರ್ ನೇತೃತ್ವದಲ್ಲಿ ಬೇರೊಂದು ಅನುವಾದ 1871ರಲ್ಲಿ ಬಂತು, ಸಭೆಗಳಲ್ಲಿ ನಿಂತದ್ದು ಅದು. ಲೈನಿನ ಹೆಂಗಸರು ಅಕ್ಕನಿಗೆ ಕೀರ್ತನೆ ಓದುತ್ತಿದ್ದ ತಮಿಳು ಬೈಬಲಿನ ಹಿಂದೆ ಇಂಥ ಎಷ್ಟೋ ಜನರ ಸೋತ ದುಡಿಮೆ ಇದೆ.

ಭಾವನ ಊರಿನ ಕಥೆ ಇನ್ನೂ ವಿಚಿತ್ರ. ಹಾಸನದ ಹತ್ತಿರದ ಸಾತಳ್ಳಿ ಕಡೆಯ ಕ್ರೈಸ್ತರು ಅಬ್ಬೆ ದ್ಯುಬುವಾ ಅವರ ಹೆಸರು ಹೇಳುತ್ತಾರೆ. ಈ ಫ್ರೆಂಚ್ ಪಾದ್ರಿ ಭಾರತಕ್ಕೆ ಬಂದದ್ದು 1792ರಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ನಮ್ಮ ಧರ್ಮಪುರಿ, ಕೃಷ್ಣಗಿರಿ ಸೀಮೆ, ಅಂದರೆ ಬಾರಾಮಹಲ್, ಟಿಪ್ಪುವಿನ ಕೈಯಿಂದ ಕಂಪನಿಗೆ ಹೋಯಿತು. ಅದಕ್ಕೂ ಮೊದಲು, 1784ರಲ್ಲಿ, ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದರು. ಉಳಿದವರಿಗೆ ಬಿಡುಗಡೆ ಆದದ್ದು 1799ರಲ್ಲಿ, ಹದಿನೈದು ವರ್ಷದ ಮೇಲೆ. ಆಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು ದ್ಯುಬುವಾ. ನಿಲುವಂಗಿ, ರುಮಾಲು ಸುತ್ತಿ, ನಮ್ಮವರ ಹಾಗೇ ಊಟ ಮಾಡಿಕೊಂಡು ಇದ್ದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಅಂತ ಕರೆಯುತ್ತಿದ್ದರು. ಸಾತಳ್ಳಿಯಲ್ಲಿ ಬಡವರಿಗೆ ಜಮೀನು ಮಾಡಿಸಿ ಊರು ಕೂರಿಸಿದರು. ಸಿಡುಬಿನ ದೇವಿ ಹಾಕುವುದನ್ನು ಜನ ಒಪ್ಪುವ ಹಾಗೆ ಮಾಡಿದರು.

ಇಷ್ಟೆಲ್ಲ ಮಾಡಿ 1823ರಲ್ಲಿ ಅವರು ಫ್ರಾನ್ಸಿಗೆ ವಾಪಸು ಹೋದಾಗ ಅವರಿಗೆ ನಿರೀಕ್ಷೆ ಉಳಿದಿರಲಿಲ್ಲ. ಈ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯ ಇಲ್ಲ, ನಮ್ಮ ಕೆಲಸ ಫಲಿಸಲಿಲ್ಲ ಅಂತ ಅದೇ ವರ್ಷ ಪುಸ್ತಕದಲ್ಲಿ ಬರೆದರು. ಅವರ ನಂಬಿಕೆ ಅಲುಗಿತ್ತು. ಆದರೆ ಅವರು ನೆಟ್ಟ ಊರು ಅಲುಗಲಿಲ್ಲ. ಅವರು ಹೋಗಿ ಇನ್ನೂರು ವರ್ಷವಾಯಿತು, ಆ ಕಡೆಯ ಊರುಗಳಲ್ಲಿ ಈಗಲೂ ಭಾನುವಾರ ಕನ್ನಡದಲ್ಲಿ ಪೂಜೆ ನಡೆಯುತ್ತದೆ. ಶೆಟ್ಟಿಹಳ್ಳಿಯ ಹಳೇ ಇಗರ್ಜಿ ಹೇಮಾವತಿ ಹಿನ್ನೀರಿನಲ್ಲಿ ಪಾಳುಬಿತ್ತು. ಅಲ್ಲಿನ ಜನ ಬೇರೆ ಊರಿಗೆ ಹೋಗಿ ಬೇರೆ ಗುಡಿ ಕಟ್ಟಿಕೊಂಡರು. ಏರ್ಕಾಡಿನ ಒಂದು ಕತ್ತಲೆ ಕೋಣೆಯಲ್ಲಿ ಜಪಸರ ಹೇಳಿದ ಮುದುಕಿ ಆ ಕಡೆಯವರೇ. ಗುರುವಿಗೆ ನಿರೀಕ್ಷೆ ಉಳಿಯಲಿಲ್ಲ, ಶಿಷ್ಯರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಉಳಿಯಿತು. ಇದಕ್ಕೇ ಬಹುವಚನ ಅಂದದ್ದು.

ಬೈಬಲಿನಲ್ಲಿ ವಾಗ್ದಾನ ಅಂದ ಕೂಡಲೇ ನೆನಪಾಗುವವನು ಅಬ್ರಹಾಮ. ಇಡೀ ಕಾನಾನ್ ದೇಶವನ್ನೇ ನಿನ್ನ ಸಂತತಿಗೆ ಕೊಡುತ್ತೇನೆ ಅಂತ ದೇವರು ಅವನಿಗೆ ಹೇಳಿದ್ದ. ಅಬ್ರಹಾಮ ಸಾಯುವಾಗ ಆ ದೇಶದಲ್ಲಿ ಅವನ ಹೆಸರಿಗೆ ಇದ್ದ ಜಾಗ ಎಷ್ಟು ಗೊತ್ತೇ? ಮಕ್ಪೇಲದ ಗವಿ ಮತ್ತು ಅದರ ಹೊಲ. ಹೆಂಡತಿ ಸಾರಳನ್ನು ಹೂಳಲು 400 ಶೆಕೆಲ್ ಬೆಳ್ಳಿ ಕೊಟ್ಟು ಕೊಂಡದ್ದು (ಆದಿಕಾಂಡ 23). ವಾಗ್ದಾನದ ದೇಶದಲ್ಲಿ ಅವನಿಗೆ ಸಿಕ್ಕ ಮೊದಲ ಜಾಗ ಸಮಾಧಿ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ಇದನ್ನು ಮುಚ್ಚಿಡುವುದಿಲ್ಲ. ಇವರೆಲ್ಲ ವಾಗ್ದಾನದ ಫಲ ಹೊಂದದೆ, ದೂರದಿಂದ ನೋಡಿ ತೀರಿಕೊಂಡರು ಅಂತ ನೇರವಾಗಿ ಹೇಳುತ್ತದೆ. ಅವರ ವಿಶ್ವಾಸ ಸಾಲದು ಅಂತ ಮಾತ್ರ ಹೇಳುವುದಿಲ್ಲ. ಅವರನ್ನೇ ವಿಶ್ವಾಸಕ್ಕೆ ಮಾದರಿ ಅಂತ ಹೇಳುತ್ತದೆ.

ಏರ್ಕಾಡಿನ ಸಮಾಧಿಯ ತೋಟದಲ್ಲಿ ಭಾವನ ಹೆಸರು ಕನ್ನಡದಲ್ಲೂ ತಮಿಳಿನಲ್ಲೂ ಇದೆ. ಊರು ಬಿಟ್ಟು ಊರು ಬಂದ ನಮ್ಮ ಮನೆಯವರಿಗೆ ಆ ಬೆಟ್ಟದಲ್ಲಿ ಇರುವ ಸ್ವಂತ ಜಾಗ ಅದೊಂದೇ. ಅಕ್ಕನಿಗೆ ಹಾಸನಕ್ಕೋ ನಮ್ಮ ಊರಿಗೋ ಬಾ ಅಂತ ಕರೆದೆವು. ಬರಲಿಲ್ಲ. ಮಗಳು ನರ್ಸಿಂಗ್ ಮುಗಿಸಿ ಈಗ ಸೇಲಂನಲ್ಲಿ ಕೆಲಸ ಮಾಡುತ್ತಾಳೆ. ಕ್ಯಾನ್ಸರ್ ವಾರ್ಡಿನಲ್ಲಿ ಡ್ಯೂಟಿ ಬಿದ್ದಾಗ ಮೊದಲು ಅತ್ತಳಂತೆ, ಈಗ ಅಭ್ಯಾಸವಾಗಿದೆ.

ಓದುಗರಲ್ಲಿ ಕಷ್ಟದಲ್ಲಿರುವವರು ಇರಬಹುದು, ಕಷ್ಟದಲ್ಲಿರುವವರ ಪಕ್ಕದಲ್ಲಿ ಇರುವವರೂ ಇರಬಹುದು. ನನಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ.

1. ಕಾರ್ಡಿನ ವಾಕ್ಯ ಇಷ್ಟವಾದರೆ ಆ ಇಡೀ ಅಧ್ಯಾಯ ಓದಿ. ಅದು ಯಾರಿಗೆ, ಯಾವ ಕಷ್ಟದಲ್ಲಿ ಬರೆದದ್ದು ಅಂತ ನೋಡಿ. ಆಗ ಅದು ತಾಯಿತ ಆಗುವುದಿಲ್ಲ.

2. ಔಷಧಿ ನಿಲ್ಲಿಸಬೇಡಿ. ಪ್ರಾರ್ಥನೆಗೂ ಮಾತ್ರೆಗೂ ಜಗಳ ಇಲ್ಲ. ಪೌಲನು ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆದ, ಇನ್ನಷ್ಟು ನಂಬು ಅಂತ ಬರೆಯಲಿಲ್ಲ (1 ತಿಮೊಥೆಯ 5:23).

3. ದೇವರ ಮೇಲೆ ಸಿಟ್ಟು ಬಂದರೆ 88ನೇ ಕೀರ್ತನೆ ಓದಿ. ಅದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲಿನಲ್ಲಿ ಇಟ್ಟುಕೊಂಡಿದ್ದಾರೆ. ಅಂದಮೇಲೆ ನಿಮ್ಮ ಸಿಟ್ಟಿಗೂ ಅಲ್ಲಿ ಜಾಗ ಇದೆ.

4. ಪಕ್ಕದಲ್ಲಿರುವವರು ಬುದ್ಧಿ ಹೇಳುವುದಕ್ಕಿಂತ ಸಾರು ತಂದಿಡಿ. ಬಸ್ ಚಾರ್ಜಿಗೆ ಕೈಗೆ ನೂರು ರೂಪಾಯಿ ಇಡಿ. ಅವರಿಗೆ ಪ್ರಾರ್ಥನೆ ಬಾರದಿದ್ದರೆ ನೀವು ಮಾಡಿ.

ನಮ್ಮ ಕನ್ನಡ ಶಾಲೆಗಳವರಿಗೂ ಆ ಕಾಗದದಲ್ಲಿ ಒಂದು ಮಾತಿದೆ ಅಂತ ನನಗೆ ಅನಿಸುತ್ತದೆ. 1956ರಲ್ಲಿ ಗಡಿ ಗೆರೆ ಎಳೆದಾಗ ನಾವು ಈ ಕಡೆ ಉಳಿದೆವು. 2006ರ ಕಾಯ್ದೆಯಲ್ಲಿ ತಮಿಳು ಕಡ್ಡಾಯವಾಯಿತು. ಮಕ್ಕಳ ಸಂಖ್ಯೆಯ ಚಿಂತೆ ಪ್ರತಿ ಜೂನ್ ತಿಂಗಳಲ್ಲೂ ಇದ್ದದ್ದೇ. ಯಾರಾದರೂ ಬಂದು ಎರಡು ವರ್ಷದಲ್ಲಿ ಎಲ್ಲ ಸರಿಮಾಡುತ್ತೇವೆ ಅಂದರೆ ಕೇಳಲು ಹಿತ. ಆದರೆ ನಮ್ಮ ಕೆಲಸ ಇಲ್ಲಿ ಮನೆ ಕಟ್ಟುವುದು, ತೋಟ ಮಾಡುವುದು, ನಾವಿರುವ ಊರಿಗೆ ಒಳ್ಳೆಯದು ಬೇಡುವುದು, ನಾಳೆಯ ಪಾಠ ತಯಾರು ಮಾಡುವುದು.

ಕೊನೆಗೆ ಒಂದು ಮಾತು. ಎರಡೇ ವರ್ಷ ಅಂತ ಹನನ್ಯ ಹೇಳಿದಾಗ ಯೆರೆಮೀಯ ಮೊದಲು ಏನು ಹೇಳಿದ ಗೊತ್ತೇ? 28ನೇ ಅಧ್ಯಾಯ ನೋಡಿ. "ಆಮೆನ್" ಅಂದ. ಹಾಗೇ ಆಗಲಿ, ದೇವರು ನಿನ್ನ ಮಾತನ್ನೇ ನಡೆಸಲಿ ಅನ್ನುವ ಅರ್ಥದಲ್ಲಿ. ಎಪ್ಪತ್ತು ವರ್ಷ ಅಂತ ಗೊತ್ತಿದ್ದವನಿಗೂ ಎರಡೇ ವರ್ಷದಲ್ಲಿ ಆಗಿಬಿಡಲಿ ಅಂತ ಆಸೆ ಇತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಿದ್ದರೆ, ಬೇಗ ವಾಸಿಯಾಗಲಿ ಅಂತ ನಾನೂ ಆಮೆನ್ ಹೇಳುತ್ತೇನೆ. ತಡವಾದರೆ, ಅಥವಾ ಆಗದೇ ಹೋದರೆ, ನಿಮ್ಮ ಪಕ್ಕದಲ್ಲಿ ಕೂರಲು ಯಾರಾದರೂ ಇರಲಿ ಅಂತಲೂ ಬೇಡುತ್ತೇನೆ.